ಬೂಷ್ಟಿಗಿಟ್ಟ ಅನ್ನ

ತೊಂಬತ್ತಮೂರು. ಕ್ಯೂಬಾದ ಪಶ್ಚಿಮಕ್ಕೆ, ಪಿನಾರ್ ದೆಲ್ ರಿಯೊ.
ಸೀಮೆಎಣ್ಣೆ ಇಲ್ಲ, ಸೋಪಿಲ್ಲ,
ಗಿಡದ ಔಷಧಿ ಹೊತ್ತು ತರುತ್ತಿದ್ದ ಹಡಗುಗಳು
ದಾರಿಯನ್ನೇ ಮರೆತಿದ್ದವು.
ರೇಷನ್ ಪುಸ್ತಕದಲ್ಲಿ ಅಕ್ಕಿಯ ಸಾಲು ಬಿಳಿಯಾಗಿಯೇ ಉಳಿದ ವಾರ
ನಮ್ಮಮ್ಮ ಒಡಾಲಿಸ್
ಅನ್ನ ಬೇಯಿಸುತ್ತಿದ್ದಳು,
ನಮಗಲ್ಲ.

ನುಚ್ಚಕ್ಕಿ. ಮಿಲ್ಲಿನವರು ಕೋಳಿಗೆಂದು ಬದಿಗಿಟ್ಟದ್ದು.
ರಮ್ಮಿನ ಖಾಲಿ ಬಾಟಲಿಗಳಿಗೆ ಅರ್ಧರ್ಧ ತುಂಬಿ
ಬಾಯಿಗೆ ಹತ್ತಿ ಗಿಡಿದು
ಕುಕ್ಕರಿನೊಳಗೆ ನಿಲ್ಲಿಸಿ, ಸೌದೆ ಒಲೆಯ ಮೇಲೆ
(ಕರೆಂಟಿನ ಮಾತು ಬಿಡಿ)
ಹಬೆಯಲ್ಲಿ ಬೇಯಿಸಿ, ತಣಿಸಿ,
ಸೂಜಿಯ ಮೊನೆಯಷ್ಟು ಹಸಿರು ಧೂಳು ಒಳಗಿಟ್ಟರೆ
ಆರು ದಿನ ಕಿಟಕಿಯ ಬೆಳಕು.
ಮೊದಲು ಅರಳೆಯ ಬಿಳಿ,
ಆಮೇಲೆ ಎಳೆ ಹುಲ್ಲು,
ಕೊನೆಗೆ ಹಳೇ ತಾಮ್ರದ ಕಿಲುಬು.
ಟ್ರೈಕೋಡರ್ಮಾ, ಅನ್ನುತ್ತಿದ್ದಳು,
ಹಟ್ಟಿಯ ಹಸುವನ್ನು ಹೆಸರಿಡಿದು ಕರೆದಂತೆ.

ಪಕ್ಕದ ಮನೆಯ ಯೂಲಾಲಿಯಾ ಬೇಲಿಯಾಚೆಯಿಂದ:
'ಹಸಿದ ಊರಲ್ಲಿ ಅನ್ನಕ್ಕೆ ಬೂಷ್ಟು ಹಿಡಿಸುವ ಸರ್ಕಾರಿ ಕೆಲಸ!
ಇದಕ್ಕೆ ಸಂಬಳ ಬೇರೆ.'
ಅಮ್ಮ ನಗುತ್ತಿದ್ದಳು. ಸಂಬಳದಲ್ಲಿ ಆಗ
ಎರಡು ಡಜನ್ ಮೊಟ್ಟೆಯೂ ಬರುತ್ತಿರಲಿಲ್ಲ.

ನಿವಾರ್ದೊ ತಾತನ ಸಸಿಮಡಿಯಲ್ಲಿ
ಎಳೆ ಹೊಗೆಸೊಪ್ಪಿನ ಕುತ್ತಿಗೆಗೆ
ಯಾರೋ ದಾರ ಕಟ್ಟಿ ಬಿಗಿದಂತೆ ಕಪ್ಪು ಗೆರೆ.
ಸಂಜೆ ನಿಂತದ್ದು ಬೆಳಗ್ಗೆ ಮಲಗಿರುತ್ತಿತ್ತು,
ಒಂದಲ್ಲ, ಚಾಪೆ ಚಾಪೆಯಾಗಿ.
ಕೆಂಪು ಮಣ್ಣನ್ನು ಮೂಸಿ, ನಾಲಿಗೆಗೆ ತಾಗಿಸಿ, ಉಗಿದು
ಅವನೊಮ್ಮೆ ಕೇಳಿದ:
'ರೋಗವೂ ಬೂಷ್ಟು, ಮದ್ದೂ ಬೂಷ್ಟು.
ಎರಡೂ ಸೇರಿ ನನ್ನನ್ನೇ ತಿಂದರೆ?'

ಅಮ್ಮ ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.
ದೀಪವಿಲ್ಲ. ಕನ್ನಡಿಯಿಂದ ಬಿಸಿಲು ಹಿಡಿದು ಕೊಡುವುದು ನನ್ನ ಕೆಲಸ.
ಮೋಡ ಬಂದರೆ ಎಲ್ಲರೂ ಸುಮ್ಮನೆ ಕಾಯುವುದು.
ಆಮೇಲೆ ನಾನೂ ನೋಡಿದೆ:
ದಪ್ಪ ಎಳೆಯೊಂದರ ಸುತ್ತ ಸಣ್ಣ ಎಳೆ
ಕಂಬಕ್ಕೆ ಅವರೆ ಬಳ್ಳಿ ಹಬ್ಬಿದ ಹಾಗೆ
ಸುತ್ತಿ, ಸುತ್ತಿ,
ಅಪ್ಪುಗೆಯೆಂದೇ ತಿಳಿದೆ.
'ತಿನ್ನುತ್ತಿದೆ' ಅಂದಳು ಅಮ್ಮ.
'ಒಳ್ಳೆಯದಾ ಅದು?'
'ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ.
ಅದಕ್ಕೆ ಹಸಿವು.'

ಒಂದು ಮಧ್ಯಾಹ್ನ, ಅವಳು ಸೈಕಲ್ಲೇರಿ ಹೋದ ಮೇಲೆ,
ತಣಿಯಲು ಇಟ್ಟ ಹನ್ನೆರಡು ಬಾಟಲಿ.
ಹಸಿರು ಇನ್ನೂ ಒಳಗೆ ಬಿದ್ದಿರಲಿಲ್ಲ.
ಬರೀ ಅನ್ನ, ಬರೀ ಬಿಳಿ ಅನ್ನ, ಗಾಜಿನಾಚೆ.
ಹತ್ತಿ ಕಿತ್ತು, ಚಮಚದ ಹಿಡಿಯಿಂದ ಕೆದಕಿ ಕೆದಕಿ
ನಿಂತೇ ತಿಂದೆ.
ಉಪ್ಪಿರಲಿಲ್ಲ. ಬೂಷ್ಟಿಗೆ ಉಪ್ಪೇಕೆ.
ತಳದ ಅಗುಳು ಬಾಟಲಿಯಲ್ಲೇ ಉಳಿಯಿತು, ಚಮಚ ಸಣ್ಣದು.
ಹತ್ತಿಯನ್ನು ಮತ್ತೆ ಗಿಡಿದೆ.

ವಾರದ ಕೊನೆಗೆ ಹಸಿರನ್ನು ನೀರಲ್ಲಿ ತೊಳೆದು
ಹರಿದ ಕಾಲುಚೀಲದಲ್ಲಿ ಸೋಸಿ
ಬಿಸಿಲು ತಗ್ಗಿದ ಮೇಲೆ ಮಡಿಗಳಿಗೆ ಸುರಿದರು.
ಹನ್ನೊಂದು ಮಡಿ.
ಬೇಲಿಯ ಪಕ್ಕದ ಹನ್ನೆರಡನೆಯದಕ್ಕೆ
ಕ್ಯಾನಿನ ತಳ ತೊಳೆದ ನೀರಷ್ಟೇ.
ಅದರಲ್ಲಿ ಸಸಿಗಳು ಮಲಗುತ್ತಲೇ ಹೋದವು.
ಉಳಿದ ಮಡಿಗಳಲ್ಲೂ ಕೆಲವು ಮಲಗಿದವು, ನಿಜ ಹೇಳಬೇಕಲ್ಲ,
ಆದರೆ ಹೆಚ್ಚಿನವು ನಿಂತವು.
ನಿವಾರ್ದೊ ಬೇಲಿ ಬದಿಯ ತೇವವನ್ನು ಬೈದ,
ಬೇಲಿಯನ್ನು ಬೈದ, ಚಂದ್ರನನ್ನೂ ಒಂದಿಷ್ಟು.
ನಾನು ಕತ್ತಿನ ಕೆಂಪು ಸ್ಕಾರ್ಫಿನ ತುದಿ ಕಚ್ಚುತ್ತ
ಸತ್ತ ಸಸಿಗಳನ್ನು ಎಣಿಸಿದೆ.
ನಾನೂರ ಹತ್ತರವರೆಗೆ ಎಣಿಸಿ ಬಿಟ್ಟೆ.

ಅಮ್ಮ ಏನೂ ಕೇಳಲಿಲ್ಲ.
ಗಾಜು ತೊಳೆಯುವವಳು ಅವಳೇ,
ತಳದ ಗೀರು ಅವಳಿಗೆ ಕಾಣದೆ ಇರುತ್ತದೆಯೆ?
ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ;
ಯಾವುದು ಅಕ್ಕಿ, ಯಾರು ನೆಂಟರು ಎಂದು
ಅವಳು ಆ ರಾತ್ರಿ ಹೇಗೆ ಅಳೆದಳೋ.

ಮುಂದಿನ ಸೋಮವಾರ ಕುಕ್ಕರು ಕೂಗಿ ಇಳಿದಾಗ
ಒಲೆಯ ಪಕ್ಕ ಬಾಟಲಿಗಳು ಹದಿಮೂರು.
ಒಂದಕ್ಕೆ ಹತ್ತಿ ಇರಲಿಲ್ಲ,
ಉದ್ದ ಹಿಡಿಯ ಚಮಚ ಪಕ್ಕದಲ್ಲಿತ್ತು.
ಬಿಸಿ ಊದಿ ಬಾಯಿಗಿಟ್ಟುಕೊಂಡೆ.

ಉಪ್ಪು ಹಾಕಿತ್ತು.